ನಾಲ್ಕೂವರೆಯ ಕಥೆ

ನಮ್ಮ ಕಾಲೇಜಿನ ಅಧ್ಯಾಪಕರ ಕೋಣೆಯಲ್ಲಿ ಕೆಲವು ದಿನಗಳ ಕೆಳಗೆ ಕನ್ನಡ ಕಥನ ಸಾಹಿತ್ಯದ ಮಾತು ನಡೆದಿತ್ತು. ಕಳೆದ ಶತಮಾನದ ಕೊನೆಯ ವರ್ಷಗಳಲ್ಲಿ ಅತಿ ಹೆಚ್ಚು ಕನ್ನಡಿಗರನ್ನು ಮುಟ್ಟಿದ ಕಥೆ ಯಾವುದು ಎಂಬ ಪ್ರಶ್ನೆ ಬಂದಾಗ ಒಬ್ಬೊಬ್ಬರು ಒಂದೊಂದು ಕಾದಂಬರಿಯ ಹೆಸರು ಹೇಳಿದರು. ನನ್ನ ಸರದಿ ಬಂದಾಗ ನಾನು ‘ಮಾಯಾಮೃಗ’ ಎಂದೆ. ಹಿರಿಯರೊಬ್ಬರು ಕನ್ನಡಕವನ್ನು ಮೂಗಿನ ತುದಿಗಿಳಿಸಿ, “ಅದು ಧಾರಾವಾಹಿಯಲ್ಲವೇನ್ರೀ?” ಎಂದರು. ಉಳಿದವರು ನಕ್ಕರು. ನಾನೂ ನಕ್ಕೆ. ಆದರೆ ಆ ನಗೆ ಮನೆಗೆ ಬಂದ ಮೇಲೂ ನನ್ನನ್ನು ಬಿಡಲಿಲ್ಲ.

‘ಧಾರಾವಾಹಿ’ ಎಂಬ ಶಬ್ದಕ್ಕೆ ಈ ಗತಿ ಬಂದದ್ದು ಈಚೆಗೆ. ವಾರಪತ್ರಿಕೆಗಳಲ್ಲಿ ಕಾದಂಬರಿಗಳು ಕಂತುಕಂತಾಗಿ ಬರುತ್ತಿದ್ದ ಕಾಲದಲ್ಲಿ ಅದು ಮರ್ಯಾದೆಯ ಶಬ್ದವಾಗಿತ್ತು. ಇಂಗ್ಲೆಂಡಿನ ಡಿಕೆನ್ಸ್ ಮಹಾಶಯನೂ 1836ರಲ್ಲಿ ತನ್ನ ಮೊದಲ ಕಾದಂಬರಿಯನ್ನು ತಿಂಗಳಿಗೊಂದು ಕಂತಿನಂತೆಯೇ ಹೊರತಂದನು. ಅವನನ್ನು ನೋಡಿ ಯಾರೂ ನಗುವುದಿಲ್ಲ. ಕಥೆ ಕಾಗದವನ್ನು ಬಿಟ್ಟು ಪೆಟ್ಟಿಗೆಯೊಳಕ್ಕೆ ಸೇರಿತು, ಓದುವವರ ಕೈಯಿಂದ ಸೌಟು ಹಿಡಿದವರ ಕಿವಿಗೆ ಹೋಯಿತು. ಆಗ ನಗೆ ಹುಟ್ಟಿತು.

ನನ್ನ ಊರು ತಾಳ್ಯ. ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿನ ಒಂದು ಹೋಬಳಿ. ರಾಗಿ, ಮೆಕ್ಕೆಜೋಳ, ಮಳೆಯ ದಾರಿ ಕಾಯುವ ಹೊಲಗಳು, ಹೊಳಲ್ಕೆರೆಯ ಬಸ್ಸಿಗಾಗಿ ಕಾಯುವ ಜನ. ಕಾಯುವುದು ನಮಗೆ ಹೊಸದಲ್ಲ. ಕಥೆಗಾಗಿ ಕಾಯುವುದಂತೂ ಬಹಳ ಹಳೆಯ ರೂಢಿ. ಶ್ರಾವಣದಲ್ಲಿ ರಾತ್ರಿ ಊಟ ಮುಗಿಸಿಕೊಂಡು ಜನ ಸೇರಿದರೆ ಒಬ್ಬರು ಪದ್ಯ ಓದುವರು, ಇನ್ನೊಬ್ಬರು ಅರ್ಥ ಹೇಳುವರು. ಲಕ್ಷ್ಮೀಶನ ಜೈಮಿನಿ ಭಾರತವಾದರೆ ತಿಂಗಳುಗಟ್ಟಲೆ ನಡೆಯಬಹುದು. ನನ್ನ ದೊಡ್ಡಮ್ಮನಿಗೆ ಅಕ್ಷರ ಬಾರದು. ಆದರೆ ಚಂದ್ರಹಾಸನ ಕಥೆ ಪೂರ್ತಿ ಬಾಯಲ್ಲಿತ್ತು. ತೋಟದಲ್ಲಿ ಮಲಗಿರುವ ಚಂದ್ರಹಾಸನ ಬಳಿ ಮಂತ್ರಿಯ ಮಗಳು ವಿಷಯೆ ಆ ಕಾಗದವನ್ನು ಬಿಚ್ಚುತ್ತಾಳೆ, ಇವನಿಗೆ ವಿಷವನ್ನು ಕೊಡು ಎಂದು ಅಪ್ಪ ಬರೆದಿರುವುದನ್ನು ಓದುತ್ತಾಳೆ. ಅರ್ಥ ಹೇಳುವವರು ಸರಿಯಾಗಿ ಅಲ್ಲಿಗೆ ಪುಸ್ತಕ ಮುಚ್ಚಿ ಮಂಗಳಾರತಿ ಎತ್ತಿಬಿಡುತ್ತಿದ್ದರಂತೆ. “ಆ ರಾತ್ರಿ ಯಾರಿಗೂ ನಿದ್ದೆ ಇಲ್ಲ ಕಣಪ್ಪ” ಎಂದು ದೊಡ್ಡಮ್ಮ ಹೇಳುತ್ತಿದ್ದರು. ಮಾರನೆಯ ದಿನ ಪದ್ಯ ತೊಡಗುವ ಮುನ್ನ, ಹಿಂದಿನ ದಿನ ಬಾರದಿದ್ದವರಿಗಾಗಿ ನಡೆದ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳುವುದೂ ಉಂಟು. ‘ಹಿಂದಿನ ಸಂಚಿಕೆಯಲ್ಲಿ’ ಎಂಬುದು ದೂರದರ್ಶನದವರು ಕಂಡುಹಿಡಿದ ಉಪಾಯವಲ್ಲ.

ಇದೇ ಉಪಾಯ ಅಮೆರಿಕದಲ್ಲಿ ಒಂದು ಉದ್ಯಮವಾಗಿ ಬೆಳೆದ ಕಥೆ ಸ್ವಾರಸ್ಯವಾಗಿದೆ. 1930ರಲ್ಲಿ ಷಿಕಾಗೋ ನಗರದ ಒಂದು ರೇಡಿಯೋ ನಿಲಯಕ್ಕಾಗಿ ಇರ್ನಾ ಫಿಲಿಪ್ಸ್ ಎಂಬ ಹೆಂಗಸು ದಿನವೂ ಮುಂದುವರಿಯುವ ಒಂದು ಮನೆಯ ಕಥೆಯನ್ನು ಬರೆಯತೊಡಗಿದಳು. ಈಕೆ ಮೊದಲು ಶಾಲೆಯ ಉಪಾಧ್ಯಾಯಿನಿಯಾಗಿದ್ದವಳು. ಬರೆಯುವುದಲ್ಲದೆ ಅದರಲ್ಲಿ ತಾನೇ ಪಾತ್ರವನ್ನೂ ವಹಿಸಿದಳು. ಹಗಲು ಹೊತ್ತಿನಲ್ಲಿ ಮನೆಯಲ್ಲಿರುವ ಹೆಂಗಸರಿಗೆ ಏನು ಮಾರಬಹುದು ಎಂದು ಯೋಚಿಸುತ್ತಿದ್ದ ಸಾಬೂನು ತಯಾರಕರಿಗೆ ಇದು ವರವಾಗಿ ಕಂಡಿತು. 1933ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯವರು ತಮ್ಮ ಬಟ್ಟೆ ಒಗೆಯುವ ಪುಡಿಯ ಪ್ರಚಾರಕ್ಕಾಗಿ ‘ಮಾ ಪರ್ಕಿನ್ಸ್’ ಎಂಬ ಕಥೆಯನ್ನು ಕೈಗೆತ್ತಿಕೊಂಡರು. ಊರಿಗೆಲ್ಲ ಬುದ್ಧಿ ಹೇಳುವ ವಿಧವೆ ತಾಯಿ ಅದರ ನಾಯಕಿ. ಆ ಮುದುಕಿಯ ದನಿಯಾಗಿದ್ದ ವರ್ಜೀನಿಯಾ ಪೇನ್‌ಗೆ ಆಗ ವಯಸ್ಸು 23. 1960ರ ನವೆಂಬರಿನಲ್ಲಿ ಆ ಕಥೆ ಮುಗಿಯುವವರೆಗೆ, 27 ವರ್ಷ, ಅವಳೇ ಮಾ ಪರ್ಕಿನ್ಸ್. ಪಾತ್ರಕ್ಕಿಂತ ಚಿಕ್ಕವಳಾಗಿ ಹೊಕ್ಕು ಪಾತ್ರದ ವಯಸ್ಸಿನತ್ತ ನಡೆದುಹೋದಳು. ಸಾಬೂನಿನವರ ಹಣದಿಂದ ನಡೆದದ್ದರಿಂದ ಈ ಜಾತಿಯ ಕಥೆಗಳಿಗೆ ‘ಸೋಪ್ ಆಪೆರಾ’ ಎಂದು ಹೆಸರಾಯಿತು. ಹೆಸರಿಟ್ಟವರ ಮನಸ್ಸಿನಲ್ಲಿಯೂ ನಮ್ಮ ಅಧ್ಯಾಪಕರ ಕೋಣೆಯ ನಗೆಯೇ ಇತ್ತು.

ನಗುವವರು ಒಂದು ಸಂಗತಿಯನ್ನು ಗಮನಿಸುವುದಿಲ್ಲ. ಈ ಕಥೆಗಳು ಯಾಕೆ ಅಷ್ಟು ನಿಧಾನ, ಹೇಳಿದ್ದನ್ನೇ ಯಾಕೆ ಮತ್ತೆ ಹೇಳುತ್ತವೆ? ಕೇಳುವವಳು ಕುರ್ಚಿಯಲ್ಲಿ ಕುಳಿತಿಲ್ಲ. ಮಗುವನ್ನು ತೂಗುತ್ತಿದ್ದಾಳೆ, ಪಾತ್ರೆ ತೊಳೆಯುತ್ತಿದ್ದಾಳೆ, ಇಸ್ತ್ರಿ ಮಾಡುತ್ತಿದ್ದಾಳೆ. ಒಂದು ಮಾತು ತಪ್ಪಿದರೂ ಕಥೆ ಅವಳ ಕೈತಪ್ಪಬಾರದು. ಆ ನಿಧಾನ ಬರೆದವರ ಅಳತೆಗೇಡಿತನವಲ್ಲ; ಕೆಲಸದ ನಡುವೆ ಇರುವವರಿಗಾಗಿ ಮಾಡಿದ ಹದ. ಬೀಸುವ ಕಲ್ಲಿನ ಪದಗಳನ್ನು ಕೇಳಿದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇರ್ನಾ ಫಿಲಿಪ್ಸ್ 1937ರಲ್ಲಿ ರೇಡಿಯೋಗಾಗಿ ತೊಡಗಿದ ‘ಗೈಡಿಂಗ್ ಲೈಟ್’ 1952ರಲ್ಲಿ ದೂರದರ್ಶನಕ್ಕೆ ಬಂದು 2009ರವರೆಗೆ ನಡೆಯಿತು. ಎಪ್ಪತ್ತೆರಡು ವರ್ಷ! ಅಜ್ಜಿ ಕೇಳತೊಡಗಿದ ಕಥೆಯನ್ನು ಮೊಮ್ಮಗಳು ನೋಡಿ ಮುಗಿಸಿದಳು. ಆಕೆಯದೇ ಇನ್ನೊಂದು ಕಥೆ ‘ಆ್ಯಸ್ ದಿ ವರ್ಲ್ಡ್ ಟರ್ನ್ಸ್’ 1956ರಲ್ಲಿ ಆರಂಭವಾಯಿತು. 1963ರ ನವೆಂಬರ್ 22ರ ಮಧ್ಯಾಹ್ನ ಅದರ ಒಂದು ಕಂತು ನಡೆಯುತ್ತಿದ್ದಾಗ, ನಡುವೆ ವಾಲ್ಟರ್ ಕ್ರಾಂಕೈಟರ ದನಿ ಕೇಳಿಬಂದು, ಅಧ್ಯಕ್ಷ ಕೆನೆಡಿಯವರ ಮೇಲೆ ಗುಂಡು ಹಾರಿದ ಸುದ್ದಿಯನ್ನು ತಿಳಿಸಿತು. ಎಷ್ಟೋ ಅಮೆರಿಕನ್ ಗೃಹಿಣಿಯರಿಗೆ ಆ ಶತಮಾನದ ದೊಡ್ಡ ದುಃಖ ಒಂದು ಮನೆಯ ಮಾತುಕತೆಯನ್ನು ತುಂಡರಿಸಿ ಬಂದಿತು. 1981ರ ನವೆಂಬರಿನಲ್ಲಿ ‘ಜನರಲ್ ಹಾಸ್ಪಿಟಲ್’ ಕಥೆಯ ಲ್ಯೂಕ್ ಮತ್ತು ಲಾರಾ ಇವರ ಮದುವೆಯನ್ನು ಸುಮಾರು ಮೂರು ಕೋಟಿ ಜನ ನೋಡಿದರೆಂದು ಲೆಕ್ಕ. ಹಗಲು ಕಥೆಗೆ ಅಂಥ ಸಭೆ ಅಲ್ಲಿ ಮತ್ತೆ ನೆರೆಯಲಿಲ್ಲ.

ಈ ಕಥೆಗಳ ಅಭಿಮಾನಿಗಳಿಗೆ ಒಂದು ಕೊರಗುಂಟು. ಮೊದಮೊದಲು ನೇರವಾಗಿ ಅಭಿನಯಿಸಿ ಬಿತ್ತರಿಸುತ್ತಿದ್ದರು. ಆಮೇಲೆ ಟೇಪಿನ ಮೇಲೆ ಹಿಡಿದರೂ, ಟೇಪು ದುಬಾರಿಯಾದ್ದರಿಂದ ಹಳೆಯದನ್ನು ಅಳಿಸಿ ಅದರ ಮೇಲೆಯೇ ಹೊಸದನ್ನು ಹಿಡಿಯುತ್ತಿದ್ದರು. ಹಾಗೆ ಸಾವಿರಾರು ಕಂತುಗಳು ಅಳಿದುಹೋದವು. ‘ಡಾರ್ಕ್ ಷ್ಯಾಡೋಸ್’ ಎಂಬ ಭೂತಪ್ರೇತಗಳ ಕಥೆ ಇದಕ್ಕೊಂದು ಅಪವಾದ. 1966ರಿಂದ 1971ರವರೆಗೆ ನಡೆದ ಅದರ 1225 ಕಂತುಗಳಲ್ಲಿ ಕಳೆದುಹೋದದ್ದು ಒಂದೇ ಒಂದು, 1219ನೆಯದು. ಯಾರೋ ಒಬ್ಬ ಅಭಿಮಾನಿ ಅಂದು ಮನೆಯಲ್ಲಿ ಕುಳಿತು ಅದರ ದನಿಯನ್ನು ಮಾತ್ರ ಹಿಡಿದಿಟ್ಟುಕೊಂಡಿದ್ದನು. ಆ ದನಿಗೆ ಬೇರೆ ಚಿತ್ರಗಳನ್ನು ಜೋಡಿಸಿ ಕಂತನ್ನು ಪೂರ್ತಿ ಮಾಡಿದರು. ತಪ್ಪಿಹೋದ ಈ ಒಂದು ಕಂತನ್ನು ಓದುಗರು ನೆನಪಿನಲ್ಲಿಡಬೇಕು. ನಮ್ಮ ತಾಳ್ಯದಲ್ಲಿಯೂ ಒಂದು ಕಂತು ತಪ್ಪಿತು.

ಅದಕ್ಕೆ ಮುನ್ನ ನಮ್ಮ ಕಡೆಯ ಇತಿಹಾಸವನ್ನು ಒಂದಿಷ್ಟು ಹೇಳಿಬಿಡುತ್ತೇನೆ. 1984ರ ಜುಲೈನಲ್ಲಿ ದೆಹಲಿಯ ದೂರದರ್ಶನ ‘ಹಮ್ ಲೋಗ್’ ಎಂಬ ಹಿಂದಿ ಕಥೆಯನ್ನು ತೊಡಗಿತು. ಮೆಕ್ಸಿಕೋ ದೇಶದಲ್ಲಿ ಸಮಾಜಸುಧಾರಣೆಗಾಗಿ ನಡೆಸಿದ ಧಾರಾವಾಹಿಗಳೇ ಅದಕ್ಕೆ ಪ್ರೇರಣೆ. ಕಂತಿನ ಕೊನೆಗೆ ಅಶೋಕ್ ಕುಮಾರ್ ಬಂದು ನಾಲ್ಕು ಮಾತು ಹೇಳಿ ಹೋಗುತ್ತಿದ್ದರು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಶಂಕರ್‌ನಾಗ್ ಆಗುಂಬೆಯಲ್ಲಿ ‘ಮಾಲ್ಗುಡಿ ಡೇಸ್’ ತೆಗೆದರು. ದೇಶವೆಲ್ಲ ಅದನ್ನು ನೋಡಿತು. ರಾಮಾಯಣ, ಮಹಾಭಾರತಗಳೂ ಬಂದವು. ನನ್ನ ಬಾಲ್ಯದ ಭಾನುವಾರಗಳು ಮಹಾಭಾರತದವು. 1990ರಲ್ಲಿ ಅದು ಮುಗಿದಾಗ ಊರಿಗೆ ಊರೇ ಏನೋ ಕಳೆದುಕೊಂಡಂತಿತ್ತು. ಹಿಂದಿ ಅರ್ಥವಾಗದಿದ್ದರೂ ಅಡ್ಡಿಯಿರಲಿಲ್ಲ, ಕಥೆ ಗೊತ್ತಿತ್ತಲ್ಲ! ಕೇಬಲ್ ಬಂದ ಮೇಲೆ ಪೇಟೆಗಳಲ್ಲಿ ‘ದಿ ಬೋಲ್ಡ್ ಅಂಡ್ ದಿ ಬ್ಯೂಟಿಫುಲ್’ ಎಂಬ ಅಮೆರಿಕದ ಹಗಲು ಕಥೆಯೂ ಕಾಣಿಸಿಕೊಂಡಿತು. ಹೊಳಲ್ಕೆರೆಯ ನೆಂಟರ ಮನೆಯಲ್ಲಿ ಅದನ್ನೊಮ್ಮೆ ನೋಡಿದ ನೆನಪು. ಎಲ್ಲರೂ ಬಹಳ ಚೆನ್ನಾಗಿ ಬಟ್ಟೆ ಹಾಕಿಕೊಂಡು ಬಹಳ ದುಃಖಪಡುತ್ತಿದ್ದರು, ಅಷ್ಟೆ.

1998ರಲ್ಲಿ ಬೆಂಗಳೂರು ದೂರದರ್ಶನದಲ್ಲಿ ‘ಮಾಯಾಮೃಗ’ ಬಂದಿತು. ನಿರ್ದೇಶಕರು ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ. ಸೀತಾರಾಮ್ ‘ಆಸ್ಫೋಟ’, ‘ನಮ್ಮೊಳಗೊಬ್ಬ ನಾಜೂಕಯ್ಯ’ ನಾಟಕಗಳನ್ನು ಬರೆದವರು. ಶೇಷಾದ್ರಿ ಮುಂದೆ ‘ಮುನ್ನುಡಿ’ಯಂಥ ಚಿತ್ರ ತೆಗೆದವರು. ಮಾಳವಿಕಾ, ಎಂ.ಡಿ. ಪಲ್ಲವಿ ಮೊದಲಾದವರು ಅದರಿಂದ ಮನೆಮನೆಯ ಹೆಸರಾದರು. ಕಥೆ ಬರುತ್ತಿದ್ದುದು ಸಂಜೆ ನಾಲ್ಕೂವರೆಗೆ. ಈ ಹೊತ್ತನ್ನು ಗೊತ್ತುಮಾಡಿದವರು ಯಾರೋ ಅರಿಯೆ, ಆದರೆ ಅವರಿಗೆ ನಮ್ಮ ಮನೆಗಳ ಒಳಗು ಗೊತ್ತಿತ್ತು. ಮಧ್ಯಾಹ್ನದ ಮುಸುರೆ ಮುಗಿದು, ದನ ಮನೆಗೆ ಬರುವುದಕ್ಕೆ ಇನ್ನೂ ಹೊತ್ತಿದ್ದು, ಗಂಡಸರು ಹೊಲದಲ್ಲಿಯೋ ಚಹಾದಂಗಡಿಯಲ್ಲಿಯೋ ಇರುವ ಆ ಅರ್ಧ ಗಂಟೆ ಹೆಂಗಸರದು; ಅದನ್ನು ಇನ್ನಾರೂ ಕೇಳುತ್ತಿರಲಿಲ್ಲ. ಆ ಅರ್ಧ ಗಂಟೆಯೊಳಗೆ ಅರಮನೆಯಲ್ಲ, ಪುರಾಣವಲ್ಲ, ಕನ್ನಡ ಮಾತನಾಡುವ ನಡುತರಗತಿಯ ಮನೆಗಳು ಬಂದವು. ಸಾಲ, ಕೆಲಸ, ಮದುವೆ, ಮಾತು ಬಿಟ್ಟ ಅಣ್ಣತಮ್ಮಂದಿರು. ಹೆಂಗಸರು ಹಜಾರದಲ್ಲಿ ನಿಂತು ತಮ್ಮ ಅಭಿಪ್ರಾಯ ಹೇಳಿದರು.

ನಮ್ಮ ಬೀದಿಯಲ್ಲಿ ಟಿ.ವಿ. ಇದ್ದುದು ನಿವೃತ್ತ ಮೇಷ್ಟರೊಬ್ಬರ ಮನೆಯಲ್ಲಿ. ಕಪ್ಪುಬಿಳುಪು ಪೆಟ್ಟಿಗೆ, ಗಾಳಿ ಬೀಸಿದರೆ ಮಾಡಿನ ಮೇಲೆ ಒಬ್ಬ ಹುಡುಗನನ್ನು ಹತ್ತಿಸಿ ಆಂಟೆನಾ ತಿರುಗಿಸಬೇಕು. ನಾನಾಗ ಹೊಳಲ್ಕೆರೆಯಲ್ಲಿ ಪಿ.ಯು.ಸಿ. ಓದುತ್ತಿದ್ದೆ. ಬಸ್ಸಿಳಿದು ಮೇಷ್ಟರ ಮನೆಯ ಬಾಗಿಲಲ್ಲಿ ಒಂದು ಪುಸ್ತಕ ತೆರೆದುಕೊಂಡು, ಓದುವವನಂತೆ ನಟಿಸುತ್ತ ಎಲ್ಲ ಕಂತುಗಳನ್ನೂ ನೋಡಿದೆ. ಒಳಗೆ ಕಂಬಕ್ಕೊರಗಿ, ಸೆರಗಿನಲ್ಲಿ ಕಡಲೆಬೀಜ ಸುಲಿಯುತ್ತ, ನನ್ನ ದೊಡ್ಡಮ್ಮ ಕುಳಿತಿರುತ್ತಿದ್ದರು.

ದೊಡ್ಡಪ್ಪ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ದೊಡ್ಡಮ್ಮನಿಗೆ ಮಕ್ಕಳಿಲ್ಲ. ನಮ್ಮ ಮನೆಯಲ್ಲಿಯೇ ಉಳಿದರು. ಕೊಟ್ಟಿಗೆ, ಒಲೆ, ನಮ್ಮ ಲಾಲನೆಪಾಲನೆ ಅವರದು. ಅವರ ಊಟಬಟ್ಟೆಗೆ ನನ್ನ ತಂದೆ ಎಂದೂ ಕೊರತೆ ಮಾಡಿದವರಲ್ಲ. ಆದರೆ ಹೊಲವೆಲ್ಲ ತಂದೆಯ ಹೆಸರಿಗೆ ಖಾತೆಯಾಗಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಗಂಡನ ಆಸ್ತಿಯಲ್ಲಿ ಹೆಂಡತಿಗೆ ಪಾಲುಂಟೆಂದು ಹೇಳಿ ನಾಲ್ವತ್ತು ವರ್ಷ ಕಳೆದಿದ್ದರೂ, ಕಾಯಿದೆ ನಮ್ಮ ನಡುಮನೆಯ ಹೊಸಲು ದಾಟಿರಲಿಲ್ಲ. ಯಾರೂ ಕೇಳಿರಲಿಲ್ಲ, ಯಾರೂ ಇಲ್ಲವೆಂದಿರಲಿಲ್ಲ.

ಆ ದಿನ ನಾಲ್ಕು ಗಂಟೆಗೇ ಕರೆಂಟು ಹೋಯಿತು. ಹಿಂದಿನ ದಿನ ಕಥೆ ಇಕ್ಕಟ್ಟಿನಲ್ಲಿ ನಿಂತಿತ್ತು. ಹೆಂಗಸರು ಆರು ಗಂಟೆಯವರೆಗೆ ಕುಳಿತೇ ಇದ್ದರು. ಕೊನೆಗೆ ಹೊಳಲ್ಕೆರೆಯ ಬಸ್ಸಿನಿಂದ ನಮ್ಮೂರ ಅಂಗನವಾಡಿಯ ಅಕ್ಕ ಇಳಿದಳು. ಮೀಟಿಂಗಿಗೆ ಹೋಗಿದ್ದಳಂತೆ. “ಅಲ್ಲಿ ಕರೆಂಟಿತ್ತೇನೇ? ನೋಡಿದೆಯೇನೇ?” ಎಂದು ಹತ್ತು ಗಂಟಲು. ಅವಳು “ನೋಡಿದೆ” ಎಂದಳು. ದೀಪದ ಬುಡ್ಡಿಯ ಮುಂದೆ ಕುಳಿತು ಕಥೆ ಹೇಳಿದಳು. ಅವಳು ಹೇಳಿದ ದೃಶ್ಯ ಇಷ್ಟು. ಆ ಮನೆಯ ಸದ್ದಿಲ್ಲದ ಹೆಂಗಸೊಬ್ಬಳು ಎಲ್ಲರೂ ಊಟಕ್ಕೆ ಕುಳಿತಿರುವಾಗ ಬಡಿಸುವುದನ್ನು ನಿಲ್ಲಿಸಿ, ಸೌಟು ಕೆಳಗಿಟ್ಟು, “ಇಷ್ಟು ವರ್ಷ ದುಡಿದಿದ್ದೀನಿ. ನಂಗೆ ಭಿಕ್ಷೆ ಬೇಡ, ಲೆಕ್ಕ ಬೇಕು” ಎನ್ನುತ್ತಾಳೆ. ಯಾರೂ ಉತ್ತರ ಕೊಡುವುದಿಲ್ಲ. ಅಲ್ಲಿಗೆ ಮುಗಿಯಿತು. ಕೇಳಿದವರಲ್ಲಿ ಯಾರೂ ತಕ್ಷಣ ಏಳಲಿಲ್ಲ. ನನಗೆ ಆ ಬುಡ್ಡಿಯ ಹೊಗೆಯ ವಾಸನೆ ಈಗಲೂ ಬರುತ್ತದೆ.

ಮೂರನೆಯ ದಿನ ರಾತ್ರಿ ನಮ್ಮ ತಂದೆಗೆ ಮುದ್ದೆ ಬಡಿಸಿದ ದೊಡ್ಡಮ್ಮ ಸಾರಿನ ಸೌಟನ್ನು ಕೆಳಗಿಟ್ಟರು. “ನೋಡಪ್ಪ, ನಿಮ್ಮಣ್ಣನ ಪಾಲಿನ ಲೆಕ್ಕ ಹೇಳು. ನಾನು ಭಿಕ್ಷೆ ಕೇಳ್ತಿಲ್ಲ” ಎಂದರು. ದನಿ ಎತ್ತರಿಸಲಿಲ್ಲ. ತಂದೆ “ಅತ್ತಿಗೆ, ಇದನ್ನ ಯಾರು ಹೇಳಿಕೊಟ್ಟರು ನಿಮಗೆ?” ಎಂದು ಎದ್ದುಬಿಟ್ಟರು. ಆಮೇಲೆ ಒಂದೂವರೆ ವರ್ಷ ಆ ಮನೆಯಲ್ಲಿ ಎರಡು ಒಲೆ ಹೊತ್ತಿದವು. ತಂದೆ ಅವರ ಕೈಯ ನೀರನ್ನೂ ಮುಟ್ಟಲಿಲ್ಲ. ಟಿ.ವಿ. ನೋಡಿ ಮನೆ ಒಡೆಯಿತು ಎಂದು ಊರಿನವರು ಆಡಿಕೊಂಡರು. ಹದಿನೇಳು ಹದಿನೆಂಟರ ನಾನು ಕೂಡ, “ಸೀರಿಯಲ್ ನೋಡಿ ನಿಮ್ಮ ಬುದ್ಧಿ ಕೆಟ್ಟಿತು ದೊಡ್ಡಮ್ಮ” ಎಂದು ಮುಖಕ್ಕೆ ಹೇಳಿದೆ. ಬಾಗಿಲಲ್ಲಿ ಕುಳಿತು ಅದೇ ಸೀರಿಯಲ್ ನೋಡಿದವನು! ಹಿರಿಯರು ನಡುವೆ ಬಂದು ಕಡೆಗೆ ಎರಡು ಎಕರೆ ಖುಷ್ಕಿ ಅವರ ಹೆಸರಿಗಾಯಿತು. ನಾನು ಎಂ.ಎ. ಓದಿದ ಎರಡು ವರ್ಷದ ಹಾಸ್ಟೆಲಿನ ಖರ್ಚು ಬಂದದ್ದು ಆ ಎರಡೆಕರೆಯ ಮೆಕ್ಕೆಜೋಳದಿಂದ. ಆಗ ತಂದೆಯ ಕೈ ಖಾಲಿಯಾಗಿತ್ತು.

‘ಮಾಯಾಮೃಗ’ ಮುಗಿದ ಮೇಲೆ ಸೀತಾರಾಮರ ‘ಮನ್ವಂತರ’, ‘ಮುಕ್ತ’ ಬಂದವು. ಅವುಗಳಲ್ಲಿ ಕರಿಕೋಟಿನ ವಕೀಲರಾಗಿ ಅವರೇ ನ್ಯಾಯಾಲಯದಲ್ಲಿ ವಾದಿಸಿದರು. 2000ದ ನಂತರ ವಾಹಿನಿಗಳು ಹೆಚ್ಚಿದವು, ಮನೆಗೊಂದು ಪೆಟ್ಟಿಗೆಯಾಯಿತು, ಕಥೆಯ ಹೊತ್ತು ರಾತ್ರಿಗೆ ಸರಿಯಿತು. ಮೇಷ್ಟರ ಹಜಾರ ಬರಿದಾಯಿತು. 2022ರಲ್ಲಿ ‘ಮತ್ತೆ ಮಾಯಾಮೃಗ’ ಎಂಬ ಮುಂದುವರಿಕೆಯೂ ಬಂದಿತು. ಹಳೆಯದು ಈಗ ಅಂತರ್ಜಾಲದಲ್ಲಿ ನೋಡಸಿಗುತ್ತದೆ. ಅಮೆರಿಕದವರ ಕೊರಗು ನಮಗೆ ಇಲ್ಲಿ ಅಷ್ಟರಮಟ್ಟಿಗೆ ತಪ್ಪಿತು.

ಅಧ್ಯಾಪಕರ ಕೋಣೆಯ ನಗೆಗೆ ಉತ್ತರವಾಗಿ ಒಂದು ಲೇಖನ ಬರೆಯಬೇಕೆಂದು ನಾನು ಈಚಿನ ರಜೆಯಲ್ಲಿ ಆ ಊಟದ ದೃಶ್ಯವನ್ನು ಹುಡುಕಲು ಕುಳಿತೆ. ಅದೇ ನನ್ನ ಮುಖ್ಯ ಸಾಕ್ಷ್ಯ. ಒಂದು ಧಾರಾವಾಹಿ ಒಂದು ಮನೆಯ ಪಹಣಿಯನ್ನು ಬದಲಿಸಿದ್ದಕ್ಕೆ ಬೇರೆ ಆಧಾರ ಯಾಕೆ? ಸಿಕ್ಕ ಕಂತುಗಳನ್ನೆಲ್ಲ ನೋಡಿದೆ. ದೃಶ್ಯ ಸಿಗಲಿಲ್ಲ. ನೆನಪು ಒಂದು ಕಥೆಯ ಕೊಂಬೆಯನ್ನು ಇನ್ನೊಂದಕ್ಕೆ ಕಸಿಮಾಡುವುದುಂಟೆಂದು ‘ಮನ್ವಂತರ’, ‘ಮುಕ್ತ’ಗಳಲ್ಲಿ ಕಂಡಷ್ಟನ್ನೂ ನೋಡಿದೆ. ಅಲ್ಲಿಯೂ ಇಲ್ಲ. ಕಡೆಗೆ ತಾಳ್ಯಕ್ಕೆ ಹೋಗಿ, ಈಗ ನಿವೃತ್ತಳಾಗಿರುವ ಅಂಗನವಾಡಿ ಅಕ್ಕನನ್ನು ಕೇಳಿದೆ. ಅವಳು ಎಲೆಯಡಿಕೆ ಬಾಯಲ್ಲಿಟ್ಟುಕೊಂಡೇ ನಕ್ಕಳು.

“ಎಲ್ಲಿ ನೋಡ್ತೀಯಪ್ಪ ಮೇಷ್ಟ್ರೆ! ಮೀಟಿಂಗು ಮುಗಿದಾಗ್ಲೆ ಐದೂಕಾಲು. ಹತ್ತು ಹನ್ನೆರಡು ಜನ ಬಾಯಿಬಾಯಿ ಬಿಟ್ಕೊಂಡು ಕೂತಿದ್ರು. ಏನಾದ್ರೂ ಹೇಳ್ಬೇಕಲ್ಲ. ಎದುರಿಗೆ ನಿಮ್ಮ ದೊಡ್ಡಮ್ಮನ ಮುಖ ಕಾಣಿಸ್ತು. ಹೇಳಿದೆ.”

ವಿಷಯೆ ಕಣ್ಣಿನ ಕಾಡಿಗೆಯಿಂದ ಅಪ್ಪನ ಕಾಗದಕ್ಕೆ ಒಂದಕ್ಷರ ಸೇರಿಸಿ ‘ವಿಷ’ವನ್ನು ‘ವಿಷಯೆ’ ಮಾಡಿದ್ದನ್ನು ನಾನು ಪ್ರತಿವರ್ಷ ತರಗತಿಯಲ್ಲಿ ಬಹಳ ಉತ್ಸಾಹದಿಂದ ಪಾಠ ಹೇಳುತ್ತೇನೆ. ಅಂದು ಮಾತ್ರ ನನಗೆ ಮಾತು ಹೊರಡಲಿಲ್ಲ. ನನ್ನ ಲೇಖನದ ಆಧಾರವೇ ಜಾರಿಹೋಗಿತ್ತು. ಬರೆದವರು ಬರೆಯದ, ನಟಿಸಿದವರು ನಟಿಸದ ದೃಶ್ಯವೊಂದನ್ನು ನಮ್ಮ ಬೀದಿ ಇಪ್ಪತ್ತೈದು ವರ್ಷ ‘ಮಾಯಾಮೃಗ’ದ್ದೆಂದು ನೆನಪಿಟ್ಟುಕೊಂಡಿತ್ತು. ಇದನ್ನು ಯಾವ ಇತಿಹಾಸಕ್ಕೆ ಸೇರಿಸಬೇಕು?

ದೊಡ್ಡಮ್ಮನಿಗೆ ಈಗ ಎಂಬತ್ತು ದಾಟಿದೆ. ಕಣ್ಣು ಮಂಜು; ಕಿವಿ ಪರವಾಗಿಲ್ಲ. ಹೊರಗೆ ಜಗಲಿಯ ಮೇಲೆ ಕೂರಿಸಿ, ನನ್ನ ಫೋನಿನಲ್ಲಿ ಒಂದು ಹಳೆಯ ಕಂತನ್ನು ಹಾಕಿಕೊಟ್ಟೆ. ದನಿಗಳನ್ನು ಗುರುತು ಹಿಡಿದು ಅವರ ಮುಖ ಅರಳಿತು. ಹೇಳುವುದೋ ಬೇಡವೋ ಎಂದು ತೂಗಾಡಿ, ಕೊನೆಗೆ ಅಕ್ಕ ಹೇಳಿದ್ದನ್ನು ಹೇಳಿಬಿಟ್ಟೆ. ಅವರು ಫೋನಿನಿಂದ ಕಿವಿ ತೆಗೆಯಲಿಲ್ಲ.

“ಅದು ನಂಗೆ ಮಾರನೆ ದಿನವೇ ಗೊತ್ತಾಯ್ತು ಕಣಪ್ಪ. ಕರೆಂಟು ಬಂದು ನೋಡಿದ್ರೆ, ಆ ಹೆಂಗಸು ತಲೆ ಬಗ್ಗಿಸ್ಕೊಂಡು ಎಲ್ಲರಿಗೂ ಬಡಿಸ್ತಾನೇ ಇದ್ಲು. ಲೆಕ್ಕ ಕೇಳಿದವಳು ಹಾಗಿರ್ತಾಳಾ?”

ಹೀಗೆಂದು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಜೋರು ಮಾಡು, ಸರಿಯಾಗಿ ಕೇಳ್ತಿಲ್ಲ” ಎಂದರು.